ನಾಲ್ವರ ಪ್ರಾಜೆಕ್ಟ್, ಕೈಬರಹದ ಒಂದು ಒಪ್ಪಂದ: ಪ್ರಕರಣ ಅಧ್ಯಯನ

ಹಿನ್ನೆಲೆ

ಈ ಪ್ರಕರಣ ವಿಶ್ವೇಶ್ವರಯ್ಯ ತಾಂತ್ರಿಕ ವಿಶ್ವವಿದ್ಯಾಲಯಕ್ಕೆ ಸೇರಿದ, ಹಳೇ ಮೈಸೂರು ಕಡೆಯ ಒಂದು ಎಂಜಿನಿಯರಿಂಗ್ ಕಾಲೇಜಿನದು. ಕಂಪ್ಯೂಟರ್ ಸೈನ್ಸ್ ವಿಭಾಗ, ಕೊನೆಯ ವರ್ಷದ ಪ್ರಾಜೆಕ್ಟ್, ನಾಲ್ಕು ಜನರ ತಂಡ. ನಾನು ಅವರ ಗೈಡ್ ಆಗಿದ್ದೆ. ವಿದ್ಯಾರ್ಥಿಗಳ ಗುರುತು ಹತ್ತದಂತೆ ಕೆಲವು ವಿವರಗಳನ್ನು ಬದಲಿಸಿದ್ದೇನೆ. ಯಾವ ತೀರ್ಮಾನದ ಹಿಂದೆ ಯಾವುದು ಬಂತು ಎಂಬ ಕ್ರಮವನ್ನು ಮಾತ್ರ ಮುಟ್ಟಿಲ್ಲ. ಬೇರೆ ಗೈಡ್‌ಗಳಿಗೂ ವಿದ್ಯಾರ್ಥಿಗಳಿಗೂ ಉಪಯೋಗಕ್ಕೆ ಬರುವುದು ಆ ಕ್ರಮವೇ.

ಪ್ರಾಜೆಕ್ಟ್‌ನ ವಸ್ತು ಒಂದು ಹಳ್ಳಿಯ ಹಾಲು ಉತ್ಪಾದಕರ ಸಹಕಾರ ಸಂಘದ ಲೆಕ್ಕಪತ್ರ. ಬೆಳಿಗ್ಗೆ ಒಮ್ಮೆ, ಸಂಜೆ ಒಮ್ಮೆ ಸದಸ್ಯರು ಡೇರಿಗೆ ಹಾಲು ತಂದು ಹಾಕುತ್ತಾರೆ. ಎಷ್ಟು ಲೀಟರು, ಫ್ಯಾಟ್ ಎಷ್ಟು, ಎಸ್‌ಎನ್‌ಎಫ್ (ಕೊಬ್ಬು ಬಿಟ್ಟು ಉಳಿದ ಘನಾಂಶ) ಎಷ್ಟು ಎಂದು ನೋಡಿ ದರ ಕಟ್ಟಬೇಕು. ಯಾರಾದರೂ ಪಶು ಆಹಾರದ ಮೂಟೆಯನ್ನು ಸಾಲವಾಗಿ ಒಯ್ದಿದ್ದರೆ ಬಟವಾಡೆಯಲ್ಲಿ ಆ ಹಣ ಮುರಿದುಕೊಳ್ಳಬೇಕು. ಡೇರಿ ಸೆಕ್ರೆಟರಿ ಇಷ್ಟನ್ನೂ ಲೆಡ್ಜರಿನಲ್ಲಿ ಬರೆದು ಕ್ಯಾಲ್ಕುಲೇಟರಿನಲ್ಲಿ ಕೂಡಿಸುತ್ತಿದ್ದರು. ತಂಡ ಅದಕ್ಕೊಂದು ತಂತ್ರಾಂಶ ಬರೆಯಲು ಹೊರಟಿತು.

ನಾಲ್ವರನ್ನೂ ಹೆಸರಿಲ್ಲದೆ ಅವರವರ ಸ್ಥಿತಿಗತಿಯಿಂದಲೇ ಕರೆಯುತ್ತೇನೆ. ನಾಯಕಿ ಹಾಸ್ಟೆಲ್‌ನಲ್ಲಿದ್ದವಳು. ತಂಡದ ಅರ್ಜಿ ಭರ್ತಿ ಮಾಡಿದವಳು ಅವಳೇ ಆದ್ದರಿಂದ ನಾಯಕತ್ವ ಅವಳ ಪಾಲಿಗೆ ಬಂತು, ಯಾರೂ ಆರಿಸಿದ್ದಲ್ಲ. ಕೋಡರ್ ತರಗತಿಯಲ್ಲೇ ಕೈ ಚುರುಕಾದ ಹುಡುಗ, ರಾತ್ರಿ ಕುಳಿತು ಕೆಲಸ ಮಾಡುವ ಅಭ್ಯಾಸದವನು. ಡಿಪ್ಲೊಮಾ ಹುಡುಗ ಪಾಲಿಟೆಕ್ನಿಕ್ ಮುಗಿಸಿ ನೇರ ಎರಡನೇ ವರ್ಷಕ್ಕೆ ಸೇರಿದವನು. ಸಂಜೆ ಹೊತ್ತು ಒಂದು ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ದುಡಿಯುತ್ತಿದ್ದ. ನಾಲ್ಕನೆಯವಳು ಹಳ್ಳಿಯಿಂದ ದಿನವೂ ಬಸ್ಸಿನಲ್ಲಿ ಓಡಾಡುವವಳು. ಡೇರಿಯ ವಿಷಯ ತಂದವಳು ಇವಳೇ. ಅವಳ ಮನೆಯವರು ಅದೇ ಸಂಘದ ಸದಸ್ಯರು.

ಸಿನಾಪ್ಸಿಸ್ ಜೊತೆಗೆ ವಿಭಾಗ ಒಂದು ಪುಟದ ನಮೂನೆ ಕೇಳುತ್ತಿತ್ತು: ಯಾರಿಗೆ ಯಾವ ಕೆಲಸ, ಕೆಳಗೆ ಎಲ್ಲರ ಯುಎಸ್‌ಎನ್ (ವಿಶ್ವವಿದ್ಯಾಲಯ ಕೊಡುವ ನೋಂದಣಿ ಸಂಖ್ಯೆ) ಮತ್ತು ಸಹಿ. ತಂಡ ಬರೆದುಕೊಟ್ಟದ್ದು ಹೀಗಿತ್ತು: ಬ್ಯಾಕ್‌ಎಂಡ್ (ಪರದೆಯ ಹಿಂದೆ ನಡೆಯುವ ಭಾಗ) ಕೋಡರ್‌ಗೆ, ಫ್ರಂಟ್‌ಎಂಡ್ (ಪರದೆಯ ಮೇಲೆ ಕಾಣುವ ಭಾಗ) ನಾಯಕಿಗೆ, ಬಿಲ್ಲಿಂಗ್ ಮತ್ತು ರಿಪೋರ್ಟ್ ಬರವಣಿಗೆ ಬಸ್ಸಿನ ಹುಡುಗಿಗೆ, ಟೆಸ್ಟಿಂಗ್ ಡಿಪ್ಲೊಮಾ ಹುಡುಗನಿಗೆ. ಕೊನೆಯಲ್ಲಿ "ನಾವೆಲ್ಲರೂ ಸಮಾನವಾಗಿ ಸಹಕರಿಸಿ ಪ್ರಾಜೆಕ್ಟ್ ಪೂರ್ಣಗೊಳಿಸುತ್ತೇವೆ" ಎಂಬ ಸಾಲು. ವರ್ಷವರ್ಷವೂ ಪ್ರತಿ ತಂಡ ಅದೇ ಸಾಲು ಬರೆದುಕೊಡುತ್ತದೆ. ಆ ಸಾಲನ್ನು ಯಾರಾದರೂ ಮುರಿದರು ಎಂದು ಹೇಳುವುದಕ್ಕೇ ಬರುವುದಿಲ್ಲ, ಏಕೆಂದರೆ ಏನು ಮಾಡಿದರೆ ಅದನ್ನು ಪಾಲಿಸಿದಂತೆ ಎಂಬುದು ಅದರಲ್ಲಿಲ್ಲ.

ಸಮಸ್ಯೆ ಹೊರಬಿದ್ದದ್ದು

ಮೊದಲ ರಿವ್ಯೂ ತಕರಾರಿಲ್ಲದೆ ಮುಗಿಯಿತು. ಸ್ಲೈಡುಗಳು ಚೆನ್ನಾಗಿದ್ದವು, ಡೇಟಾಬೇಸ್ ಚಿತ್ರ ಸರಿಯಾಗಿತ್ತು. ನಂತರ ಅರೆಬರೆ ಆದ ತಂತ್ರಾಂಶವನ್ನು ಡೇರಿಗೆ ಒಯ್ದು ಸೆಕ್ರೆಟರಿಗೆ ತೋರಿಸಿ ಬನ್ನಿ ಎಂದೆ. ಕಾಲೇಜಿನ ಗೋಡೆಯೊಳಗೆ ಪ್ರಾಜೆಕ್ಟ್ ಹೇಗಾದರೂ ನಿಲ್ಲುತ್ತದೆ. ಬಳಸುವವರ ಮುಂದೆ ಇಟ್ಟಾಗ ಅದರ ಕಾಲು ಎಷ್ಟು ಗಟ್ಟಿ ಎಂದು ತಿಳಿಯುತ್ತದೆ.

ಸೆಕ್ರೆಟರಿ ಹಳೆಯ ಲೆಡ್ಜರಿನ ಒಂದು ಪುಟ ಕೊಟ್ಟು, ಈ ಬಟವಾಡೆಯ ಲೆಕ್ಕ ತೆಗೆಯಿರಿ ಎಂದರು. ಒಬ್ಬ ಸದಸ್ಯರ ಬಿಲ್ಲು ಮೈನಸ್‌ನಲ್ಲಿ ಬಂತು. ಅವರ ಹಸು ಆ ವಾರ ಹಾಲು ಕಡಿಮೆ ಮಾಡಿತ್ತು, ಮೇಲೆ ಪಶು ಆಹಾರದ ಸಾಲ ಇತ್ತು. "ಏನ್ರಪ್ಪಾ, ಹಾಲು ಹಾಕ್ದೋರೇ ಡೇರಿಗೆ ದುಡ್ಡು ಕಟ್ಬೇಕಾ?" ಎಂದು ಸೆಕ್ರೆಟರಿ ಕೇಳಿದರಂತೆ. ರೂಢಿಯಲ್ಲಿ ಬಿಲ್ಲಿಗಿಂತ ಹೆಚ್ಚು ಮುರಿಯುವುದಿಲ್ಲ, ಬಾಕಿಯನ್ನು ಮುಂದಿನ ಬಟವಾಡೆಗೆ ಒಯ್ಯುತ್ತಾರೆ. ಡೇರಿಗೆ ಹಾಲು ಹಾಕುವ ಮನೆಯಲ್ಲಿ ಬೆಳೆದವಳಿಗೆ ಇದು ಗೊತ್ತಿರದೆ ಇರುವುದು ಸಾಧ್ಯವೇ ಇರಲಿಲ್ಲ. ಆದರೂ ಅವಳು ಅಲ್ಲಿ ಏನೂ ಮಾತಾಡಲಿಲ್ಲ. ನಾಯಕಿ ಕ್ಷಮೆ ಕೇಳಿ ಎಲ್ಲರನ್ನೂ ಕರೆದುಕೊಂಡು ಬಂದಳು.

ಆ ವಾರವೇ ನಾಯಕಿ, ಕೋಡರ್ ಇಬ್ಬರೂ ನನ್ನ ಬಳಿ ಬಂದರು. ದೂರು ಬಿಲ್ಲಿನ ಬಗ್ಗೆ ಅಲ್ಲ, ಡಿಪ್ಲೊಮಾ ಹುಡುಗನ ಬಗ್ಗೆ.

"ಸರ್, ಅವನ ಹೆಸರು ತೆಗೆದುಬಿಡಿ ಸರ್. ಇವತ್ತಿನವರೆಗೆ ಒಂದು ಲೈನ್ ಬರೆದಿಲ್ಲ. ಶನಿವಾರ ರಾತ್ರಿ ಮೀಟ್‌ಗೂ ಬರಲ್ಲ. ಮೆಸೇಜ್ ಹಾಕಿದ್ರೆ ಥಂಬ್ಸ್ ಅಪ್ ಅಷ್ಟೇ."

"ಇನ್ನೊಬ್ಬಳು?"

"ಅವಳು ರಿಪೋರ್ಟ್ ಬರೀತಾಳೆ ಸರ್. ಕೋಡ್ ಎಲ್ಲಾ ನಾನೇ. ಬೇಕಿದ್ರೆ ಗಿಟ್‌ಹಬ್ ನೋಡಿ."

ತಂಡದ ಕೋಡ್ ಕೂಡಿಡುವ ಜಾಲತಾಣ ಗಿಟ್‌ಹಬ್. ಅಲ್ಲಿ ಕಾಣುತ್ತಿದ್ದದ್ದೂ ಹಾಗೇ. ಕಮಿಟ್‌ಗಳ, ಅಂದರೆ ದಾಖಲಾದ ಒಂದೊಂದು ಬದಲಾವಣೆಯ, ಪಟ್ಟಿಯ ಬಹುಪಾಲು ಕೋಡರ್ ಹೆಸರಲ್ಲಿತ್ತು, ಸ್ವಲ್ಪ ನಾಯಕಿಯದು, ಉಳಿದ ಇಬ್ಬರದು ಖಾಲಿ.

ಆ ಹೊತ್ತಿಗೆ ತಂಡ ತಾನಾಗಿ ಮಾಡಿಕೊಂಡಿದ್ದ ಏರ್ಪಾಡು ಎರಡೇ. ವಾಟ್ಸ್‌ಆ್ಯಪ್ ಗುಂಪಿನಲ್ಲಿ ನಾಯಕಿ ದಿನವೂ ಹಾಕುವ ಜ್ಞಾಪನೆ ಒಂದು, ಶನಿವಾರ ರಾತ್ರಿ ಒಂಬತ್ತಕ್ಕೆ ಗೂಗಲ್ ಮೀಟ್ ಇನ್ನೊಂದು. ಎರಡೂ ಹಾಸ್ಟೆಲ್‌ನಲ್ಲಿ ಇರುವವರ ದಿನಚರಿಗೆ ಹೊಂದುವಂಥವು. ಒಂಬತ್ತಕ್ಕೆ ಡಿಪ್ಲೊಮಾ ಹುಡುಗ ಅಂಗಡಿಯ ಷಟರ್ ಎಳೆಯುತ್ತಿರುತ್ತಾನೆ. ಬಸ್ಸಿನ ಹುಡುಗಿಯ ಮನೆಯಲ್ಲಿ ಮೊಬೈಲ್ ಸಿಗ್ನಲ್ ಸಿಗುವುದು ಹಿತ್ತಿಲಿನ ತುದಿಗೆ ಹೋದರೆ.

ಮುಂದಿದ್ದ ದಾರಿಗಳು

ಹೆಸರು ತೆಗೆಯುವುದು ಆಗದ ಮಾತು. ತಂಡಗಳ ಪಟ್ಟಿ ಅಷ್ಟರಲ್ಲಿ ವಿಭಾಗದಿಂದ ಮುಂದೆ ಹೋಗಿತ್ತು. ಬಾರ್ಬರಾ ಓಕ್ಲಿ, ರಿಚರ್ಡ್ ಫೆಲ್ಡರ್ ಮೊದಲಾದವರು 2004ರಲ್ಲಿ ಪ್ರಕಟಿಸಿದ, ಎಂಜಿನಿಯರಿಂಗ್ ತರಗತಿಗಳ ತಂಡಗಳ ಕುರಿತ ಲೇಖನದಲ್ಲಿ ಎರಡು ಸಲಹೆಗಳಿವೆ: ತಂಡ ಆರಂಭದಲ್ಲೇ ತನ್ನ ನಿರೀಕ್ಷೆಗಳನ್ನು ತಾನೇ ಬರೆದುಕೊಳ್ಳಲಿ; ಎಚ್ಚರಿಕೆ ಕೊಟ್ಟರೂ ಸಹಕರಿಸದವನನ್ನು ತಂಡ ಕೈಬಿಡಬಹುದು. ಮೊದಲನೆಯದು ನಮಗೂ ಒಗ್ಗುತ್ತದೆ. ಎರಡನೆಯದು ಯುಎಸ್‌ಎನ್ ಪಟ್ಟಿ ಒಮ್ಮೆ ಹೋದ ಮೇಲೆ ನಮ್ಮಲ್ಲಿ ನಡೆಯುವುದಿಲ್ಲ. ಹಾಗಾಗಿ ಕೈಬಿಡುವ ಬೆದರಿಕೆಯಿಲ್ಲದೆ ನಿಲ್ಲುವ ಒಪ್ಪಂದ ನಮಗೆ ಬೇಕು.

ಕಡಿಮೆ ಅಂಕ ಕೊಡುತ್ತೇನೆಂದು ಹೆದರಿಸುವುದು ಸುಲಭ. ಆದರೆ ಕೆಲಸ ನಿಂತದ್ದು ಯಾಕೆಂದು ತಿಳಿಯದೆ ಹೆದರಿಸಿದರೆ ಹುಡುಗ ಯಾವುದೋ ಒಂದು ಫೈಲ್ ಬರೆದು ತಂದು ತೋರಿಸುತ್ತಾನೆ, ಅಷ್ಟೇ. ನಾಲ್ಕು ಭಾಗ ಮಾಡಿ ಒಬ್ಬರ ಕೆಲಸ ಇನ್ನೊಬ್ಬರಿಗೆ ತಗಲದಂತೆ ಬೇಲಿ ಹಾಕುವುದು ಇನ್ನೊಂದು ದಾರಿ. ಅನೇಕ ಗೈಡ್‌ಗಳು ಹಿಡಿಯುವುದು ಇದನ್ನೇ, ಜಗಳ ನಿಲ್ಲುತ್ತದೆ ಎಂದು. ಕೊನೆಯ ವಾರ ನಾಲ್ಕು ತುಂಡುಗಳನ್ನು ಜೋಡಿಸುವಾಗ ಅದೇ ಜಗಳ ಇಮ್ಮಡಿಯಾಗಿ ಬರುತ್ತದೆ.

ಯಾವ ತೀರ್ಮಾನಕ್ಕೂ ಮುನ್ನ ನಾಲ್ವರಿಗೂ ಬೇರೆಬೇರೆಯಾಗಿ ಒಂದೊಂದು ಹಾಳೆ ಕೊಟ್ಟೆ. ಪ್ರಶ್ನೆ ನಾಲ್ಕು. ಇದುವರೆಗೆ ನೀನು ಮಾಡಿದ್ದೇನು? ಎಲ್ಲಿ ನಿಂತಿದ್ದೀಯ? ವಾರದಲ್ಲಿ ನಿಜವಾಗಿ ಎಷ್ಟು ಗಂಟೆ ಕೊಡಬಲ್ಲೆ, ಯಾವ ಹೊತ್ತಿನಲ್ಲಿ? ಈ ಪ್ರಾಜೆಕ್ಟ್‌ನಿಂದ ನಿನಗೆ ಏನು ಬೇಕು? ಕನ್ನಡದಲ್ಲೋ ಇಂಗ್ಲಿಷ್‌ನಲ್ಲೋ, ಹೇಗೆ ಬಂದರೆ ಹಾಗೆ ಬರೆಯಿರಿ, ಉಳಿದವರಿಗೆ ತೋರಿಸುವುದಿಲ್ಲ ಎಂದೆ.

ಡಿಪ್ಲೊಮಾ ಹುಡುಗ ಬರೆದದ್ದು: "ಟೆಸ್ಟಿಂಗ್ ನನಗೆ ಕೊಟ್ಟಿದಾರೆ. ಟೆಸ್ಟ್ ಮಾಡೋಕೆ ಏನೂ ಕೊಟ್ಟಿಲ್ಲ. ನನ್ನ ಲ್ಯಾಪ್‌ಟಾಪ್‌ನಲ್ಲಿ ಪ್ರಾಜೆಕ್ಟ್ ರನ್ ಆಗೋದೇ ಇಲ್ಲ, ಕೇಳಿದ್ರೆ ಆಮೇಲೆ ಹೇಳ್ತೀನಿ ಅಂತಾರೆ." ಬೇಕಾದದ್ದು? ಪಾಸಾಗಬೇಕು, ಬ್ಯಾಕ್‌ಲಾಗ್ ಉಳಿಯಬಾರದು.

ನಾಯಕಿಯದು: "ಎಲ್ಲರಿಗೂ ನೆನಪಿಸೋದೇ ನನ್ನ ಕೆಲಸ ಆಗಿದೆ. ನನಗೂ ಕೋಡ್ ಕಲೀಬೇಕು ಅಂತಿತ್ತು."

ಕೋಡರ್‌ಗೆ ಕ್ಯಾಂಪಸ್ ಸಂದರ್ಶನದಲ್ಲಿ ತೋರಿಸಲು ಒಂದು ಒಳ್ಳೆಯ ಪ್ರಾಜೆಕ್ಟ್ ಬೇಕಿತ್ತು. ಕೆಲಸ ಅಚ್ಚುಕಟ್ಟಾಗಿರಬೇಕು, ಹಾಗೆ ಮಾಡುವವನು ತಾನೊಬ್ಬನೇ ಎಂದು ಬರೆದಿದ್ದ. ಸುಳ್ಳು ಹೇಳುತ್ತಿರಲಿಲ್ಲ, ಅವನಿಗೆ ಕಂಡದ್ದು ಅದೇ.

ಬಸ್ಸಿನ ಹುಡುಗಿಯ ಹಾಳೆ ಎಲ್ಲಕ್ಕಿಂತ ಚಿಕ್ಕದು. "ನಾನು ಬರೆದದ್ದು ಬೆಳಿಗ್ಗೆ ಬಂದು ನೋಡಿದರೆ ಇರಲ್ಲ ಸರ್. ಅದಕ್ಕೆ ರಿಪೋರ್ಟ್ ಬರೀತಿದೀನಿ."

ಅವಳನ್ನು ಕೂರಿಸಿಕೊಂಡು ಕಮಿಟ್‌ಗಳನ್ನು ಒಂದೊಂದಾಗಿ ತೆರೆದು ನೋಡಿದೆವು. ಬಿಲ್ಲಿಂಗ್ ಭಾಗವನ್ನು ಮೊದಲು ಬರೆದವಳು ಅವಳೇ. ಬಾಕಿ ಮುಂದಕ್ಕೆ ಒಯ್ಯುವ ನಿಯಮವೂ ಅದರಲ್ಲಿತ್ತು. ಒಂದು ರಾತ್ರಿ ಕೋಡರ್ ಆ ಇಡೀ ಫೈಲನ್ನು ತನ್ನ ಶೈಲಿಯಲ್ಲಿ ಹೊಸದಾಗಿ ಬರೆದಿದ್ದ. ಕೋಡ್ ಚಿಕ್ಕದಾಗಿತ್ತು, ಓದಲು ಹಗುರವಾಗಿತ್ತು. ಅವನಿಗೆ ಅರ್ಥವಾಗದ, ಬೇಡವೆಂದು ಕಂಡ ಆ ಕೆಲವು ಸಾಲು ಹೊರಗುಳಿದಿದ್ದವು. ಡೇರಿಯಲ್ಲಿ ಮೈನಸ್ ಬಿಲ್ಲು ಬಂದದ್ದು ಅದರಿಂದ.

ಹಾಗಾದರೆ ಅವಳ ಹೆಸರು ಪಟ್ಟಿಯಲ್ಲಿ ಯಾಕಿಲ್ಲ? ಅವಳ ಲ್ಯಾಪ್‌ಟಾಪ್ ಹಳೆಯದು, ಹಾಗಾಗಿ ಲ್ಯಾಬ್‌ನ ಕಂಪ್ಯೂಟರಿನಲ್ಲಿ ಬರೆಯುತ್ತಿದ್ದಳು. ಆ ಕಂಪ್ಯೂಟರಿನಲ್ಲಿ ಮೊದಲ ದಿನ ಗಿಟ್ (ಕೋಡಿನ ಬದಲಾವಣೆಗಳನ್ನು ದಾಖಲಿಸುವ ತಂತ್ರಾಂಶ) ಹೊಂದಿಸಿಕೊಟ್ಟವನು ಕೋಡರ್. ಯೂಸರ್ ನೇಮ್, ಈಮೇಲ್ ಎರಡೂ ಅವನದೇ ಉಳಿದಿತ್ತು. ಕಮಿಟ್‌ಗೆ ಗಿಟ್ ಹಚ್ಚುವುದು ಆ ಯಂತ್ರದಲ್ಲಿ ಬರೆದಿಟ್ಟ ಹೆಸರನ್ನು. ಕೀಬೋರ್ಡಿನ ಮುಂದೆ ಕೂತವರು ಯಾರೆಂದು ಅದಕ್ಕೆ ತಿಳಿಯದು. ಅವಳ ಕೆಲಸವೆಲ್ಲ ಅವನ ಖಾತೆಗೆ ಜಮೆಯಾಗಿತ್ತು. ಇದು ಅವನಿಗೂ ಗೊತ್ತಿರಲಿಲ್ಲ.

ಇಲ್ಲಿ ಸ್ವಲ್ಪ ನಿಲ್ಲಬೇಕು. ತಂಡದಲ್ಲಿ ಮೈಗಳ್ಳತನದ ಮಾತು ಬಂದಾಗ ನಾವು ಬೋಧಕರು ನೆನೆಯುವುದು ಮ್ಯಾಕ್ಸ್ ರಿಂಗೆಲ್‌ಮನ್‌ನನ್ನು. ಫ್ರಾನ್ಸಿನ ಈ ಕೃಷಿ ಎಂಜಿನಿಯರ್ 1913ರಲ್ಲಿ ಪ್ರಕಟಿಸಿದ ಅಳತೆಗಳ ಪ್ರಕಾರ, ಹಗ್ಗ ಎಳೆಯುವ ಜನ ಹೆಚ್ಚಾದಂತೆ ಒಬ್ಬೊಬ್ಬನ ಎಳೆತ ತಗ್ಗುತ್ತದೆ. ಮನಃಶಾಸ್ತ್ರಜ್ಞ ಬಿಬ್ ಲಟಾನೆ ಮತ್ತು ಜೊತೆಗಾರರು 1979ರಲ್ಲಿ ಚಪ್ಪಾಳೆ, ಕೂಗುಗಳ ಪ್ರಯೋಗ ಮಾಡಿ ಅದನ್ನೇ ಕಂಡರು. ಯಾರು ಎಷ್ಟು ಮಾಡಿದರೆಂಬುದು ಗುರುತಾಗುವಂತಿದ್ದರೆ ಈ ಸಡಿಲಿಕೆ ಕಡಿಮೆಯಾಗುತ್ತದೆ ಎಂದೂ ಅವರ ಮುಂದಿನ ಕೆಲಸ ತೋರಿಸಿತು. ಗಿಟ್‌ಹಬ್ ಪಟ್ಟಿಯನ್ನು ನೋಡಿ ಅಂಕ ಕೊಡುವ ರೂಢಿಗೆ ಬಲ ಸಿಕ್ಕಿರುವುದು ಇಂಥ ತಿಳಿವಳಿಕೆಯಿಂದಲೇ. ಈ ತಂಡದಲ್ಲಿ ಆ ಪಟ್ಟಿಯೇ ತಪ್ಪು ಹೆಸರು ತೋರಿಸುತ್ತಿತ್ತು. ಸೋಮಾರಿಗಳೆಂದು ಕಂಡ ಇಬ್ಬರಲ್ಲಿ ಒಬ್ಬಳು ಮಾಡಿದ್ದು ಅಳಿಸಿಹೋಗಿತ್ತು, ಇನ್ನೊಬ್ಬನಿಗೆ ಬಾಗಿಲೇ ತೆರೆದಿರಲಿಲ್ಲ.

ತಂತ್ರಾಂಶ ತಜ್ಞ ಫ್ರೆಡ್ ಬ್ರೂಕ್ಸ್ 1975ರಲ್ಲಿ ಬರೆದ ಒಂದು ಸರಳ ಲೆಕ್ಕವೂ ಇಲ್ಲಿ ಉಪಯೋಗಕ್ಕೆ ಬಂತು. ಇಬ್ಬಿಬ್ಬರ ನಡುವೆ ಒಂದರಂತೆ ನಾಲ್ಕು ಜನರ ನಡುವೆ ಮಾತಿನ ದಾರಿಗಳು ಆರು. ಈ ತಂಡದಲ್ಲಿ ನಡೆಯುತ್ತಿದ್ದದ್ದು ಮೂರೇ, ಮೂರೂ ನಾಯಕಿಯ ಮೂಲಕ. ಕೋಡರ್ ಮತ್ತು ಬಸ್ಸಿನ ಹುಡುಗಿ ಒಂದೇ ಫೈಲಿನ ಮೇಲೆ ಕೆಲಸ ಮಾಡಿಯೂ ಒಬ್ಬರಿಗೊಬ್ಬರು ನೇರ ಒಂದು ಸಂದೇಶ ಕಳಿಸಿರಲಿಲ್ಲ.

ಒಪ್ಪಂದ ಬರೆದ ಮಧ್ಯಾಹ್ನ

ನಾಲ್ವರೂ ಕ್ಯಾಂಪಸ್‌ನಲ್ಲಿ ಇರುವ, ಯಾರಿಗೂ ತರಗತಿಯಿಲ್ಲದ ಹೊತ್ತು ಬುಧವಾರ ಮಧ್ಯಾಹ್ನ. ವೇಳಾಪಟ್ಟಿಯಲ್ಲಿ ಅದು ಪ್ರಾಜೆಕ್ಟ್ ಅವಧಿಯೇ ಆಗಿತ್ತು. ಅದುವರೆಗೆ ಯಾರೂ ಬಳಸುತ್ತಿರಲಿಲ್ಲ. ಅವರನ್ನು ಲ್ಯಾಬ್‌ನಲ್ಲಿ ಸೇರಿಸಿದೆ. ಮೊದಲು ಯಾರ ತಪ್ಪನ್ನೂ ಎತ್ತದೆ, ಕಮಿಟ್ ಹೆಸರಿನ ವಿಷಯವೊಂದನ್ನು ಪರದೆಯ ಮೇಲೆ ತೋರಿಸಿದೆ. ಕೋಡರ್ ತುಂಬಾ ಹೊತ್ತು ನೋಡಿದ. "ಇದು ನೀನು ಬರೆದದ್ದಾ? ನಾನು ಅಂದ್ಕೊಂಡೆ ಆನ್‌ಲೈನ್‌ನಲ್ಲಿ ಎಲ್ಲಿಂದಲೋ ತಗೊಂಡು ಹಾಕಿದಾಳೆ ಅಂತ." ಅವಳು ಅದಕ್ಕೆ, "ಕೇಳ್ಬಹುದಿತ್ತಲ್ಲ" ಎಂದಳು. ಅಷ್ಟು ದಿನಗಳಲ್ಲಿ ಇಬ್ಬರ ನಡುವೆ ನೇರವಾಗಿ ನಡೆದ ಮೊದಲ ಮಾತು ಅದು.

ಒಪ್ಪಂದವನ್ನು ನಾನು ಬರೆದುಕೊಡಲಿಲ್ಲ. ಗೈಡ್ ಬರೆದುಕೊಟ್ಟ ನಿಯಮವನ್ನು ವಿದ್ಯಾರ್ಥಿಗಳು ಕಾಲೇಜಿನ ಇನ್ನೊಂದು ಸುತ್ತೋಲೆ ಎಂದುಕೊಂಡು ಸಹಿ ಹಾಕುತ್ತಾರೆ. ಹಾಜರಿರುವುದು, ಸಹಕರಿಸುವುದು, ಗೌರವ ಕೊಡುವುದು ಎಂಬಂಥ ಮಾತು ಬಂದಾಗೆಲ್ಲ ಒಂದೇ ಪ್ರಶ್ನೆ ಕೇಳುತ್ತಿದ್ದೆ: ಇದು ಆಯಿತೋ ಇಲ್ಲವೋ ಎಂದು ಮುಂದಿನ ಬುಧವಾರ ಹೇಗೆ ಗೊತ್ತಾಗುತ್ತೆ? ಉತ್ತರ ಬಾರದ ಸಾಲುಗಳನ್ನು ಅವರೇ ಹೊಡೆದುಹಾಕಿದರು. ಕೊನೆಗೆ ಉಳಿದದ್ದು ಒಂದು ಹಾಳೆ, ಕನ್ನಡ ಇಂಗ್ಲಿಷ್ ಬೆರೆತ ಕೈಬರಹ.

ಭೇಟಿ ಬುಧವಾರ ಮಧ್ಯಾಹ್ನ, ಎದುರಾಬದುರಾ. ಶನಿವಾರದ ಮೀಟ್ ರದ್ದು. ವಾರಕ್ಕೆ ಯಾರು ಎಷ್ಟು ಗಂಟೆ ಎಂಬುದು ಬೇರೆಬೇರೆ. ಡಿಪ್ಲೊಮಾ ಹುಡುಗ ಐದು ಗಂಟೆ ಎಂದ, ಕೋಡರ್ ಹದಿನೈದು ಎಂದ. ನಾಯಕಿ ಇದನ್ನು ಒಪ್ಪಲು ಹಿಂದೆಮುಂದೆ ನೋಡಿದಳು. ಸಮಪಾಲು ಅಲ್ಲವಲ್ಲ ಎಂದು. ಈ ಚರ್ಚೆಗೆ ಬಹಳ ಹೊತ್ತು ಹಿಡಿಯಿತು, ಹಿಡಿಯಬೇಕಾದದ್ದೇ. ಸುಳ್ಳು ಹತ್ತಕ್ಕಿಂತ ನಿಜವಾದ ಐದು ವಾಸಿ, ಆದರೆ ಅಂಕವೂ ಅದಕ್ಕೆ ತಕ್ಕಂತೆ ಬರುತ್ತದೆ ಎಂಬ ತಿಳಿವಳಿಕೆಯಲ್ಲಿ ಎಲ್ಲರೂ ಒಪ್ಪಿದರು. ಆಂತರಿಕ ಮೌಲ್ಯಮಾಪನದ ಅಂಕ ನಾಲ್ವರಿಗೂ ಒಂದೇ ಇರಬೇಕೆಂಬ ನಿಯಮ ಇಲ್ಲ. ಎನ್‌ಬಿಎ (ತಾಂತ್ರಿಕ ಕೋರ್ಸುಗಳಿಗೆ ಮಾನ್ಯತೆ ಕೊಡುವ ರಾಷ್ಟ್ರೀಯ ಮಂಡಳಿ) ಮಾನ್ಯತೆಯ ಕಲಿಕಾ ಫಲಗಳಲ್ಲಿ ತಂಡದಲ್ಲಿ ದುಡಿಯುವ ಸಾಮರ್ಥ್ಯವೂ ಒಂದು. ಆ ಕಾಲಂನಲ್ಲಿ ನಾಲ್ವರಿಗೂ ಕಣ್ಣುಮುಚ್ಚಿ ಒಂದೇ ಅಂಕಿ ತುಂಬುವ ಅಭ್ಯಾಸವನ್ನು ನಾವು ಬಿಡಬೇಕು.

ಒಂದು ಕೆಲಸ ಮುಗಿದ ಲೆಕ್ಕಕ್ಕೆ ಬರಬೇಕಾದರೆ ಮೂರು ಷರತ್ತು ಹಾಕಿಕೊಂಡರು. ಕೋಡ್ ಬರೆದವರ ಹೆಸರಿನಲ್ಲೇ ಗಿಟ್‌ಹಬ್‌ಗೆ ಹೋಗಿರಬೇಕು. ತಂಡದ ಇನ್ನೊಬ್ಬರು ತಮ್ಮ ಕಂಪ್ಯೂಟರಿನಲ್ಲಿ ಅದನ್ನು ಓಡಿಸಿ ನೋಡಿರಬೇಕು. ಸೆಕ್ರೆಟರಿ ಕೊಟ್ಟ ಲೆಡ್ಜರ್ ಪುಟದ ಮೊತ್ತಕ್ಕೆ ಪೈಸೆ ಸಹಿತ ತಾಳೆಯಾಗಬೇಕು. ಮೂರನೆಯದು ಬಸ್ಸಿನ ಹುಡುಗಿಯ ಸಲಹೆ. ಅದರಿಂದ ಕೂಡಲೇ ಇನ್ನೊಂದು ದೋಷ ಸಿಕ್ಕಿತು: ಹಣವನ್ನು ಫ್ಲೋಟ್‌ನಲ್ಲಿ (ದಶಮಾಂಶವನ್ನು ಅಂದಾಜಾಗಿ ಇಡುವ ಸಂಖ್ಯಾರೂಪ) ಇಟ್ಟಿದ್ದರಿಂದ ಮೊತ್ತ ಅಲ್ಲಲ್ಲಿ ಪೈಸೆಯಷ್ಟು ತಪ್ಪುತ್ತಿತ್ತು. ಎಲ್ಲವನ್ನೂ ಪೈಸೆಯ ಪೂರ್ಣಾಂಕಕ್ಕೆ ಬದಲಿಸಿದರು.

ಇನ್ನೊಬ್ಬರು ಬರೆದದ್ದನ್ನು ಅವರನ್ನು ಕೇಳದೆ ಬದಲಿಸಬಾರದು. ಹೇಳಲಿಕ್ಕಿದ್ದರೆ ಪುಲ್ ರಿಕ್ವೆಸ್ಟ್‌ನಲ್ಲಿ (ಬದಲಾವಣೆಗೆ ಒಪ್ಪಿಗೆ ಕೇಳುವ ಕೋರಿಕೆ) ಬರೆಯಬೇಕು. ಒಂದು ಸಂಜೆಗಿಂತ ಹೆಚ್ಚು ಹೊತ್ತು ಎಲ್ಲಾದರೂ ಸಿಕ್ಕಿಹಾಕಿಕೊಂಡರೆ ಗುಂಪಿನಲ್ಲಿ ಹೇಳಬೇಕು, ಅದನ್ನು ನಾಚಿಕೆಯ ವಿಷಯ ಮಾಡಬಾರದು. ಥಂಬ್ಸ್ ಅಪ್ ಉತ್ತರವಲ್ಲ. ಯಾವಾಗ ಮಾಡುತ್ತೇನೆಂದು ಬರೆದರೆ ಉತ್ತರ.

ಭಿನ್ನಾಭಿಪ್ರಾಯ ಬಂದರೆ ಯಾರ ಮಾತು ಕೊನೆ? ವಿದ್ಯಾರ್ಥಿ ತಂಡಗಳು ಈ ಪ್ರಶ್ನೆಯನ್ನು ಬಿಟ್ಟೇ ಬಿಡುತ್ತವೆ, ಸ್ನೇಹಕ್ಕೆ ಅಡ್ಡ ಬರುತ್ತದೆಂದು. ಇವರು ಬರೆದುಕೊಂಡರು: ಡೇರಿಯ ರೂಢಿ, ಬಿಲ್ಲಿನ ನಿಯಮದ ವಿಷಯದಲ್ಲಿ ಬಸ್ಸಿನ ಹುಡುಗಿ, ಡೇಟಾಬೇಸ್, ಕೋಡ್ ರಚನೆಯಲ್ಲಿ ಕೋಡರ್, ಗಡುವು, ಕೆಲಸದ ಹಂಚಿಕೆಯಲ್ಲಿ ನಾಯಕಿ. ಡಿಪ್ಲೊಮಾ ಹುಡುಗನಿಗೆ ಏನು ಎಂದಾಗ ಎಲ್ಲರೂ ಸುಮ್ಮನಾದರು. ಅವನೇ ಹೇಳಿದ: "ಡೇರಿಯಲ್ಲಿ ತೂಕದ ಮಷಿನ್ ಹಿಂದೆ ಸೀರಿಯಲ್ ಪೋರ್ಟ್ ಇದೆ. ಅದರಿಂದ ಕೇಬಲ್ ಎಳೆದ್ರೆ ಅಳತೆ ಕೈಯಲ್ಲಿ ಟೈಪ್ ಮಾಡೋ ಅಗತ್ಯ ಇಲ್ಲ. ಅಂಗಡಿಯಲ್ಲಿ ಈ ಥರದ್ದು ಮಾಡಿದೀನಿ." ತಂಡ ಕಟ್ಟಿದ ದಿನದಿಂದ ಅವನಿಗೆ ಏನು ಬರುತ್ತದೆಂದು ಯಾರೂ ಕೇಳಿರಲಿಲ್ಲ. ಅಲ್ಲಿಗೆ ಟೆಸ್ಟಿಂಗ್ ಎಂಬ ಹೆಸರಿನ ಖಾಲಿ ಕೆಲಸ ಹೋಗಿ ತೂಕದ ಯಂತ್ರ ಅವನ ಪಾಲಿಗೆ ಬಂತು.

ತಪ್ಪಿದರೆ ಏನು? ಮೊದಲ ಸಲ ಬುಧವಾರದ ಭೇಟಿಯಲ್ಲಿ ಎಲ್ಲರ ಮುಂದೆ ಮಾತು. ಎರಡನೇ ಸಲ ಗೈಡ್ ಬಳಿಗೆ, ಎಲ್ಲರೂ ಒಟ್ಟಿಗೆ. ಒಬ್ಬರ ಬೆನ್ನ ಹಿಂದೆ ಇನ್ನಿಬ್ಬರು ಬರುವುದು ಇನ್ನು ಬೇಡ ಎಂಬ ಸಾಲನ್ನು ನಾಯಕಿಯೇ ಸೇರಿಸಿದಳು.

ಒಪ್ಪಂದಕ್ಕೆ ಬಂದ ಪರೀಕ್ಷೆ

ಮೊದಲ ವಾರಗಳು ಹಗುರವಾಗಿ ಕಳೆದವು. ಹೊಸ ನಿಯಮ ಹೊಸದಿರುವಾಗ ಎಲ್ಲರೂ ಪಾಲಿಸುತ್ತಾರೆ. ಎರಡನೇ ರಿವ್ಯೂ ಹಿಂದಿನ ರಾತ್ರಿ ಕೋಡರ್ ಬಿಲ್ಲಿಂಗ್ ಫೈಲನ್ನು ಮತ್ತೆ ತಿದ್ದಿದ. ಈ ಸಲ ಏನೂ ಕೆಡಲಿಲ್ಲ. ನಿಜ ಹೇಳಬೇಕೆಂದರೆ ತಿದ್ದುಪಡಿ ಚೆನ್ನಾಗಿಯೇ ಇತ್ತು, ಆದರೆ ಕೇಳದೆಯೇ ಮುಖ್ಯ ಬ್ರಾಂಚ್‌ಗೆ (ಎಲ್ಲರೂ ಬಳಸುವ ಕೋಡ್ ಪ್ರತಿಗೆ) ನೇರ ಹಾಕಿದ್ದ. ಬೆಳಿಗ್ಗೆ ಬಸ್ ಇಳಿದು ಬಂದವಳು ನೋಡಿದಳು, ನಾಯಕಿಗೆ ತೋರಿಸಿದಳು.

ಈ ಪ್ರಕರಣದಲ್ಲಿ ಎಲ್ಲಕ್ಕಿಂತ ದೊಡ್ಡ ತಿರುವು ಇದು ಎಂದು ನನ್ನ ಅಭಿಪ್ರಾಯ. ಒಪ್ಪಂದ ಬರೆಯುವಾಗ ಎಲ್ಲರ ಮನಸ್ಸಿನಲ್ಲಿದ್ದದ್ದು ದುರ್ಬಲನೆಂದು ಕಂಡವನನ್ನು ದಾರಿಗೆ ತರುವುದು. ಅದನ್ನು ಮೊದಲು ಮುರಿದವನು ತಂಡಕ್ಕೆ ಅತ್ಯಂತ ಬೇಕಾದವನು, ಅದೂ ತಂಡಕ್ಕೆ ಒಳ್ಳೆಯದಾಗಲೆಂದು. ರಿವ್ಯೂ ಇನ್ನೆರಡು ಗಂಟೆಯಲ್ಲಿ. ಸುಮ್ಮನಿದ್ದುಬಿಡುವುದಕ್ಕೆ ಎಲ್ಲ ಕಾರಣಗಳೂ ಇದ್ದವು. ನಾಯಕಿ ನನಗೆ ಫೋನ್ ಮಾಡಿ ಏನು ಮಾಡಲಿ ಎಂದಳು. ಹಾಳೆಯಲ್ಲಿ ಏನು ಬರೆದಿದ್ದೀರೋ ಅದನ್ನು ಮಾಡಿ ಎಂದಷ್ಟೇ ಹೇಳಿದೆ. ನಾನು ನಡುವೆ ಹೋಗಿ ತೀರ್ಪು ಹೇಳಿದ್ದರೆ ಆ ಹಾಳೆ ಅಂದಿಗೇ ನನ್ನದಾಗುತ್ತಿತ್ತು, ಅವರದಾಗಿ ಉಳಿಯುತ್ತಿರಲಿಲ್ಲ.

ನಾಯಕಿ ಕೋಡರ್‌ಗೆ ಹೇಳಿದಳು. ಅವನಿಗೆ ಸಿಟ್ಟು ಬಂತು. "ರಾತ್ರಿ ಎರಡು ಗಂಟೆವರೆಗೆ ಕೂತು ನಿಮಗೋಸ್ಕರ ಮಾಡಿದ್ರೆ ಇದಾ?" ಆದರೂ ರಿವರ್ಟ್ ಮಾಡಿದ, ತಿದ್ದಿದ್ದನ್ನು ಹಿಂದಕ್ಕೆ ತೆಗೆದ. ರಿವ್ಯೂನಲ್ಲಿ ಬಸ್ಸಿನ ಹುಡುಗಿಯ ಆವೃತ್ತಿಯನ್ನೇ ತೋರಿಸಿದರು. ಬುಧವಾರ ಅದೇ ತಿದ್ದುಪಡಿ ಪುಲ್ ರಿಕ್ವೆಸ್ಟ್ ಆಗಿ ಬಂತು. ಅವಳು ಸಾಲು ಸಾಲಾಗಿ ನೋಡಿ, ಎರಡು ಕಡೆ ಪ್ರಶ್ನೆ ಹಾಕಿ, ಉಳಿದದ್ದನ್ನು ಒಪ್ಪಿ ಮರ್ಜ್ ಮಾಡಿದಳು, ಮುಖ್ಯ ಕೋಡಿಗೆ ಸೇರಿಸಿದಳು. ಅದೇ ದಿನ ಮುಖ್ಯ ಬ್ರಾಂಚ್‌ಗೆ ಬೀಗ ಹಾಕಿದರು: ಇನ್ನೊಬ್ಬರ ಒಪ್ಪಿಗೆಯಿಲ್ಲದೆ ಯಾರೂ, ರೆಪೊ (ಕೋಡ್ ಸಂಗ್ರಹ) ಮಾಲೀಕನಾದ ಕೋಡರ್ ಕೂಡ, ನೇರ ಬರೆಯಲಾಗದಂತೆ. ಬೀಗ ಹಾಕಿಸಿದವನು ಕೋಡರ್ ತಾನೇ. "ರಾತ್ರಿ ಹೊತ್ತು ನನಗೆ ನೆನಪಿರಲ್ಲ, ಅದೇ ತಡೀಲಿ" ಎಂದ. ಈ ಬೀಗವನ್ನು ಮೊದಲ ದಿನವೇ ಹಾಕಿದ್ದರೆ ಅದೊಂದು ತಾಂತ್ರಿಕ ಕಿರಿಕಿರಿಯಾಗುತ್ತಿತ್ತು. ಯಾಕೆ ಬೇಕೆಂದು ಅನುಭವಿಸಿದ ಮೇಲೆ ಹಾಕಿದ್ದರಿಂದ ಕೊನೆಯವರೆಗೂ ಯಾರೂ ತೆಗೆಯಲಿಲ್ಲ.

ಡಿಪ್ಲೊಮಾ ಹುಡುಗನಿಗೂ ಒಂದು ಸಲ ತಪ್ಪಿತು. ಮನೆಯಲ್ಲಿ ಕಾಯಿಲೆ, ಒಂದು ವಾರ ಬರಲಾಗಲಿಲ್ಲ. ಹಿಂದಿನಂತೆ ಕಾಣೆಯಾಗದೆ ಮುಂಚೆಯೇ ಬರೆದು ಹೇಳಿದ, ಕೇಬಲ್ ಜೋಡಣೆಯ ಅರ್ಧ ಕೋಡನ್ನು ಅಪ್‌ಲೋಡ್ ಮಾಡಿ ಎಲ್ಲಿ ನಿಂತಿದೆಯೆಂದು ತಿಳಿಸಿದ. ನಾಯಕಿ ಅದನ್ನು ಕೈಗೆತ್ತಿಕೊಂಡು, ಅವಳು ಕಲಿಯಬೇಕೆಂದಿದ್ದ ಕೋಡಿಂಗ್‌ನ ಮೊದಲ ದೊಡ್ಡ ತುಂಡನ್ನು ಅಲ್ಲಿ ಬರೆದಳು. ಇಬ್ಬರ ಕೆಲಸವೆಂದು ಕಾಣುವಂತೆ ಕಮಿಟ್‌ನ ಕೊನೆಗೆ ಕೋ-ಆಥರ್ ಸಾಲು ಸೇರಿಸಿದರು.

ಎಲ್ಲವೂ ಫಲಿಸಲಿಲ್ಲ. ಪರಸ್ಪರ ಅಂಕ ಕೊಡಿ ಎಂದಾಗ ನಾಲ್ವರೂ ಎಲ್ಲರಿಗೂ ಹತ್ತಕ್ಕೆ ಹತ್ತು ಬರೆದುಕೊಟ್ಟರು. ನಮ್ಮ ಹುಡುಗರು ಗೆಳೆಯನಿಗೆ ಕಡಿಮೆ ಅಂಕ ಬರೆಯುವುದಿಲ್ಲ, ಆ ಸಂಕೋಚವನ್ನು ನಿಯಮದಿಂದ ಮುರಿಯಲೂ ಆಗದು. ಅಂಕ ಬಿಟ್ಟು ಪ್ರಶ್ನೆ ಬದಲಿಸಿದೆ: ಈ ಹದಿನೈದು ದಿನದಲ್ಲಿ ಉಳಿದ ಮೂವರಲ್ಲಿ ಒಬ್ಬೊಬ್ಬರ ಯಾವ ಕೆಲಸ ನಿನ್ನ ಕೆಲಸಕ್ಕೆ ನೆರವಾಯಿತು, ಒಂದೊಂದು ಸಾಲು ಬರೆ. ಒಬ್ಬರ ಬಗ್ಗೆ ಮೂರೂ ಹಾಳೆಯಲ್ಲಿ ಏನೂ ಇಲ್ಲದಿದ್ದರೆ ಅದೇ ಹೇಳಬೇಕಾದ್ದನ್ನು ಹೇಳುತ್ತದೆ. ನನ್ನ ಅಂಕಗಳಿಗೆ ಅದು ಆಧಾರವಾಯಿತು.

ಕೊನೆಗೆ ಆದದ್ದು

ವೈವಾದಲ್ಲಿ ಹೊರಗಿನ ಪರೀಕ್ಷಕರು ನಾಲ್ವರನ್ನೂ ಬೇರೆಬೇರೆ ಪ್ರಶ್ನೆ ಮಾಡಿದರು. ಸಾಲ ಮುರಿಯುವ ಲೆಕ್ಕವನ್ನು ಬಸ್ಸಿನ ಹುಡುಗಿ ಬೋರ್ಡಿನ ಮೇಲೆ ಬಿಡಿಸಿ ತೋರಿಸಿದಳು. ತೂಕದ ಯಂತ್ರದ ಬಗ್ಗೆ ಕೇಳಿದಾಗ ಕೋಡರ್ ತಾನು ಉತ್ತರಿಸದೆ ಡಿಪ್ಲೊಮಾ ಹುಡುಗನ ಕಡೆ ನೋಡಿದ. ಆಂತರಿಕ ಅಂಕ ನಾಲ್ವರಿಗೂ ಬೇರೆಬೇರೆ ಬಂತು, ಐದು ಗಂಟೆಯೆಂದು ಬರೆದವನಿಗೆ ಕಡಿಮೆ. ಅವನು ತಕರಾರು ಮಾಡಲಿಲ್ಲ, ಮೊದಲೇ ಒಪ್ಪಿದ್ದ.

ಕೋಡರ್ ಮತ್ತು ಬಸ್ಸಿನ ಹುಡುಗಿ ಗೆಳೆಯರಾದರು ಎಂದು ಹೇಳಲಾರೆ. ಕೆಲಸದ ಮಾತು ಬಿಟ್ಟು ಬೇರೆ ಮಾತು ಅವರ ನಡುವೆ ಕಡಿಮೆಯೇ ಇತ್ತು. ಒಳ್ಳೆಯ ತಂಡಕ್ಕೆ ಸ್ನೇಹ ಬೇಕೇಬೇಕೆಂದು ನಾವು ಹುಡುಗರಿಗೆ ಹೇಳುವುದನ್ನು ನಿಲ್ಲಿಸಿದರೆ ವಾಸಿ. ಸ್ನೇಹಿತರೇ ಕೂಡಿ ಕಟ್ಟಿದ ತಂಡಗಳು ಒಬ್ಬರಿಗೊಬ್ಬರು ಹೇಳಬೇಕಾದ್ದನ್ನು ಹೇಳದೆ ಮುಳುಗುವುದನ್ನು ನೋಡಿದ್ದೇನೆ.

ಡೇರಿ ಸೆಕ್ರೆಟರಿ ಕೆಲವು ಬಟವಾಡೆಗಳಿಗೆ ಲೆಡ್ಜರ್ ಜೊತೆಗೆ ತಂತ್ರಾಂಶವನ್ನೂ ಬಳಸಿದರು. ವಿದ್ಯಾರ್ಥಿಗಳು ಹೊರಟುಹೋದ ಮೇಲೆ ನೋಡಿಕೊಳ್ಳುವವರಿಲ್ಲದೆ ಅದು ನಿಂತಿತು. ತಂಡದ ಒಪ್ಪಂದದಲ್ಲಿ ಪ್ರಾಜೆಕ್ಟ್ ಮುಗಿದ ನಂತರದ ಮಾತು ಇರಲಿಲ್ಲ. ನಿಜವಾದ ಬಳಕೆದಾರರ ಜೊತೆ ಕೆಲಸ ಮಾಡುವ ತಂಡಗಳು ಅವರಿಗೂ ಆರಂಭದಲ್ಲೇ ಹೇಳಬೇಕಾದ ವಿಷಯ ಇದು.

ಮುಂದಿನ ತಂಡಗಳಿಗೆ ಬದಲಿಸಿದ್ದು

ಈಗ ನನ್ನ ತಂಡಗಳು ಮೊದಲ ವಾರ ಉದ್ದದ ಒಪ್ಪಂದ ಬರೆಯುವುದಿಲ್ಲ. ಆಗ ಅವರಿಗೆ ಬರೆಯಲು ಅನುಭವವೇ ಇರುವುದಿಲ್ಲ, ಹಾಗಾಗಿ ಸಹಕರಿಸುತ್ತೇವೆ ಎಂಬ ಸಾಲೇ ಮರಳಿ ಬರುತ್ತದೆ. ಮೊದಲ ವಾರ ಬೇಕಾದದ್ದು ಆ ನಾಲ್ಕು ಪ್ರಶ್ನೆಗಳ ಹಾಳೆ. ಅದಕ್ಕೆ ಐದನೆಯದೊಂದು ಸೇರಿದೆ: ನಿನಗೆ ಬರುವ, ತಂಡಕ್ಕೆ ಇನ್ನೂ ಗೊತ್ತಿಲ್ಲದ ಕೆಲಸ ಯಾವುದು? ಜೊತೆಗೆ ಎಲ್ಲರೂ ಇರಬಲ್ಲ ಒಂದು ಹೊತ್ತನ್ನು ಗೊತ್ತುಮಾಡುತ್ತಾರೆ. ಪ್ರತಿಯೊಬ್ಬರ ಕಂಪ್ಯೂಟರಿನಲ್ಲೂ ಕೋಡ್ ಓಡುವುದನ್ನು, ಗಿಟ್‌ನಲ್ಲಿ ಅವರದೇ ಹೆಸರಿರುವುದನ್ನು ಕಣ್ಣಾರೆ ನೋಡಿಕೊಳ್ಳುತ್ತಾರೆ. ಹಂಚಿದ ಲ್ಯಾಬ್ ಯಂತ್ರವಾದರೆ ಪ್ರತಿ ಸಲ ಕೂರುವಾಗ ಹೆಸರು ಬದಲಿಸಬೇಕು. ಪೂರ್ತಿ ಒಪ್ಪಂದ ಮೊದಲ ಅರೆಬರೆ ಕೆಲಸವನ್ನು ಹೊರಗಿನವರಿಗೆ ತೋರಿಸಿ ಬಂದ ವಾರ. ಪ್ರತಿ ರಿವ್ಯೂ ಆದ ಮೇಲೆ ಅದನ್ನು ತೆರೆದು, ಪಾಲಿಸಲಾಗದ ಸಾಲನ್ನು ತಿದ್ದುತ್ತಾರೆ ಇಲ್ಲವೇ ಹೊಡೆದುಹಾಕುತ್ತಾರೆ.

ಒಂದು ಸಾಲು ಮಾತ್ರ ಇನ್ನೂ ಬಗೆಹರಿದಿಲ್ಲ. ಕೊನೆಯ ಸೆಮಿಸ್ಟರ್ ನಡುವೆ ಯಾರಿಗಾದರೂ ಕಂ‍ಪನಿಯೊಂದರಲ್ಲಿ ಇಂಟರ್ನ್‌ಷಿಪ್ ಸಿಕ್ಕಿ ಊರು ಬಿಟ್ಟರೆ ಅವರ ಪಾಲಿನ ಕೆಲಸವನ್ನು ಯಾರು, ಎಷ್ಟರಮಟ್ಟಿಗೆ ಹೊರಬೇಕು? ಈ ವರ್ಷದ ಒಂದು ತಂಡ ಹೊರಡುವವರು ಎರಡು ವಾರ ಮುಂಚೆ ತಮ್ಮ ಭಾಗವನ್ನು ಇನ್ನೊಬ್ಬರಿಗೆ ಕಲಿಸಿ ಹೋಗಬೇಕೆಂದು ಬರೆದುಕೊಂಡಿದೆ. ಇನ್ನೊಂದು ತಂಡ ದೂರದಿಂದಲೇ ವಾರಕ್ಕೆ ಮೂರು ಗಂಟೆ ಕೊಡಬೇಕೆಂದಿದೆ. ಎರಡರಲ್ಲಿ ಯಾವುದು ನಿಲ್ಲುತ್ತದೆಂಬುದು ಮುಂದಿನ ರಿವ್ಯೂ ಹೊತ್ತಿಗೆ ತಿಳಿಯಬೇಕು.